ಪ್ರತಿಕ್ರಿಯೆ: ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೆಬ್ಬಾಗಿಲು ಎಲ್ಲಿದೆ?

ಅರ್ಧ ದಿನ ಅಲೆದರೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೆಬ್ಬಾಗಿಲು ಸಿಗಲಿಲ್ಲ, ಒಂದು ಕಡೆ ಕಾವಲುಗಾರ ಒಳಬಿಡದೆ ತಡೆದ ಎಂದು ಬರೆದಿದ್ದೀರಿ. ಅದು ಸಿಗದಿದ್ದುದಕ್ಕೆ ಕಾರಣ, ಅಂಥದ್ದೊಂದು ಬಾಗಿಲೇ ಅಲ್ಲಿಲ್ಲ. ಆಕ್ಸ್‌ಫರ್ಡಿನಲ್ಲಿ ಪಾಠಪ್ರವಚನ 1096ರ ವೇಳೆಗಾಗಲೇ ನಡೆಯುತ್ತಿತ್ತು, ಕಾಲೇಜುಗಳು ಆಮೇಲೆ ಒಂದೊಂದಾಗಿ ಊರಿನ ಮನೆ, ಬೀದಿಗಳ ನಡುವೆಯೇ ಎದ್ದವು. ನಿಮ್ಮನ್ನು ತಡೆದ ಕಾವಲುಗಾರ ಬಹುಶಃ ಅವುಗಳಲ್ಲೊಂದಕ್ಕೆ ಸೇರಿದವನಿರಬೇಕು.

ಮುಂದಿನ ಸಲ ಕಾರ್‌ಫ್ಯಾಕ್ಸ್ ನಾಲ್ಕುರಸ್ತೆಯಿಂದ ಹೊರಡಿ. ಅಲ್ಲಿಯ ಒಂದು ಮೂಲೆಯ ಗೋಡೆಯ ಮೇಲೆ ಸ್ವಿಂಡಲ್‌ಸ್ಟಾಕ್ ಪಾನಗೃಹವಿದ್ದ ಜಾಗವನ್ನು ತಿಳಿಸುವ ಬರಹವಿದೆ: 1355ರ ಫೆಬ್ರವರಿ 10ರಂದು ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ವಿದ್ಯಾರ್ಥಿಗಳು ತೆಗೆದ ಜಗಳ ಊರವರೊಂದಿಗಿನ ಕೊಲೆಗಡುಕ ಕಾಳಗವಾಗಿ ಬೆಳೆದು, ಮೇಯರ್ 1825ರವರೆಗೂ ವರ್ಷವರ್ಷವೂ ವಿಶ್ವವಿದ್ಯಾಲಯಕ್ಕೆ ತಪ್ಪುಕಾಣಿಕೆ ಒಪ್ಪಿಸಬೇಕಾಯಿತು.

ಅಲ್ಲಿಂದ ಹೈಸ್ಟ್ರೀಟಿನಲ್ಲಿ ಪೂರ್ವಕ್ಕೆ ನಡೆದು ಸೇಂಟ್ ಮೇರಿ ಚರ್ಚಿನ ಗೋಪುರವನ್ನು ಹತ್ತಿದರೆ, ಎದುರಿಗೇ ರ್‍ಯಾಡ್‌ಕ್ಲಿಫ್ ಕ್ಯಾಮೆರಾ ಎಂಬ ಗ್ರಂಥಾಲಯ ಕಟ್ಟಡದ ಗುಮ್ಮಟ (ಲ್ಯಾಟಿನ್ನಿನಲ್ಲಿ ಕ್ಯಾಮೆರಾ ಎಂದರೆ ಕೋಣೆ), ಅದರಾಚೆ 1602ರಲ್ಲಿ ತೆರೆದ ಬಾಡ್ಲಿಯನ್ ಗ್ರಂಥಾಲಯ, ಸುತ್ತಲೂ ಕಾಲೇಜುಗಳ ಚೌಕಾಂಗಳಗಳು ಕಾಣುತ್ತವೆ. ಊರಿನ ವಿನ್ಯಾಸ ಅರ್ಥವಾಗುವುದು ಅಲ್ಲಿಯೇ.

ಒಳಹೋಗಲು ಒಂದೇ ಕಾಲೇಜನ್ನು ಆರಿಸುವುದಾದರೆ ನನ್ನ ಮತ 1264ರ ಮರ್ಟನ್‌ಗೆ. ಪ್ರವೇಶದ ವೇಳೆ ದಿನದಿಂದ ದಿನಕ್ಕೆ ಬದಲಾಗಬಹುದಾದ್ದರಿಂದ ಬೆಳಿಗ್ಗೆಯೇ ಅದರ ಜಾಲತಾಣವನ್ನು ನೋಡಿಕೊಂಡು, ಬಾಗಿಲ ಪಕ್ಕದ ಪೋರ್ಟರ್‌ಗಳ (ಕಾಲೇಜಿನ ದ್ವಾರಪಾಲಕರ) ಕೋಣೆಯಲ್ಲಿ ವಿಚಾರಿಸಿ. ರಾತ್ರಿ ಉಳಿಯುವುದಾದರೆ 9 ಗಂಟೆ 5 ನಿಮಿಷಕ್ಕೆ ಕ್ರೈಸ್ಟ್ ಚರ್ಚ್ ಕಾಲೇಜಿನ ಟಾಮ್ ಗೋಪುರದ ಕೆಳಗೆ ನಿಂತಿರಿ. ಗ್ರೀನಿಚ್‌ಗಿಂತ 5 ನಿಮಿಷ ಹಿಂದಿದ್ದ ಹಳೆಯ ಆಕ್ಸ್‌ಫರ್ಡ್ ವೇಳೆಯಂತೆ ಅಲ್ಲಿಯ ಗಂಟೆ 101 ಸಲ ಬಾರಿಸುತ್ತದೆ.