ಕಂಪೈಲರ್ ಸಿಗದೆ ನಿಂತ ಕೆಲಸ

ಪ್ರಶ್ನೆ: ಉಬುಂಟುವಿನಲ್ಲಿ ಒಂದು ತಂತ್ರಾಂಶವನ್ನು ಸೋರ್ಸ್ ಕೋಡ್‌ನಿಂದ ಸಿದ್ಧಪಡಿಸಲು ಹೊರಟರೆ, ಸಿ ಕಂಪೈಲರ್ (ಸಿ ಭಾಷೆಯ ಕೋಡನ್ನು ಗಣಕ ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಸಿಗಲಿಲ್ಲವೆಂದು, ಬೇಕಾದುದೆಲ್ಲ ಇದೆಯೇ ಎಂದು ಪರೀಕ್ಷಿಸುವ ‘ಕಾನ್ಫಿಗರ್’ ಹಂತದಲ್ಲೇ ಕೆಲಸ ನಿಲ್ಲುತ್ತದೆ. ನಾನು ಇಳಿಸಿಕೊಂಡ ಕಡತಗಳು ಕೆಟ್ಟಿವೆಯೇ?

ಉತ್ತರ: ಕಡತಗಳ ಬಗ್ಗೆ ಚಿಂತೆ ಬೇಡ. ಸಿದ್ಧ ತಂತ್ರಾಂಶಗಳನ್ನಷ್ಟೇ ಬಳಸುವವರಿಗೆ ಕಂಪೈಲರ್ ಬೇಕಾಗದ ಕಾರಣ, ಅದು ಸಾಮಾನ್ಯವಾಗಿ ಮೊದಲೇ ಅಳವಟ್ಟಿರುವುದಿಲ್ಲ. ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್’ (sudo apt install build-essential) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಜಿಸಿಸಿ, ಜಿ++ ಎಂಬ ಕಂಪೈಲರ್‌ಗಳು, ಕಂಪೈಲ್ ಮಾಡುವ ಹಂತಗಳನ್ನು ನಡೆಸುವ ಮೇಕ್ ಹಾಗೂ ಸಿ ಲೈಬ್ರರಿಯ ಹೆಡರ್ ಕಡತಗಳು (ಲೈಬ್ರರಿಯಲ್ಲಿ ಏನಿದೆಯೆಂದು ಕಂಪೈಲರಿಗೆ ತಿಳಿಸುವ ಕಡತಗಳು) ಒಟ್ಟಿಗೇ ಬರುತ್ತವೆ. ಒಂದೊಂದನ್ನೇ ಹುಡುಕಿ ಹಾಕುವುದಕ್ಕಿಂತ ಇದೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಆ ಬಳಿಕ ‘ಜೆಡ್‌ಲಿಬ್.ಎಚ್’ (zlib.h) ಎಂಬ ಹೆಡರ್ ಕಡತ ಇಲ್ಲವೆಂಬ ದೂರು ಬಂದರೆ, ಅದು ಕಂಪೈಲರಿನ ದೋಷವಲ್ಲ, ‘ಜೆಡ್‌ಲಿಬ್1ಜಿ-ಡೆವ್’ (zlib1g-dev) ಪ್ಯಾಕೇಜಿನ ಕೊರತೆ. ಆಗಲೂ ಕೆಲಸ ನಿಂತರೆ, ಅದೇ ಫೋಲ್ಡರಿನಲ್ಲಿರುವ ‘ಕಾನ್ಫಿಗ್.ಲಾಗ್’ ಕಡತವನ್ನು ದಯವಿಟ್ಟು ತಾಳ್ಮೆಯಿಂದ ಓದಿರಿ. ಯಾವ ಪರೀಕ್ಷೆ ಎಲ್ಲಿ ವಿಫಲವಾಯಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ.