ಟೈಟ್ರೇಶನ್ ಮುಗಿದರೂ ಎಲ್‌ಇಡಿ ಆರುತ್ತಿಲ್ಲ
ಆಸಿಡ್ ಮತ್ತು ಕ್ಷಾರವನ್ನು ಅಳೆದು ಸೇರಿಸುವ ಟೈಟ್ರೇಶನ್ ಮುಗಿದಾಗ ದ್ರಾವಣದಲ್ಲಿ ಕರೆಂಟ್ ನಿಂತು ಎಲ್‌ಇಡಿ ಆರಬೇಕು ಎಂದುಕೊಂಡಿದ್ದಿರಿ, ಆದರೆ ಆರಲಿಲ್ಲ. ತೊಂದರೆ ಬಹುಶಃ ವೈರಿಂಗ್‌ನದ್ದಲ್ಲ. ಹೈಡ್ರೋಕ್ಲೋರಿಕ್ ಆಸಿಡ್, ಸೋಡಿಯಂ ಹೈಡ್ರಾಕ್ಸೈಡ್ ಸೇರಿದರೆ ಉಳಿಯುವುದು ಉಪ್ಪುನೀರು. ಅದೂ ಕರೆಂಟ್ ಹರಿಸುತ್ತದೆ, ಅಲ್ವಾ?

ಬದಲಿಗೆ 0.05 ಮೋಲಾರ್ (ಸಾಂದ್ರತೆಯ ಅಳತೆ) ಬೇರಿಯಂ ಹೈಡ್ರಾಕ್ಸೈಡ್ 100 ಮಿ.ಲೀ. ತೆಗೆದುಕೊಳ್ಳಿ. ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ. ಎರಡು ಕಾರ್ಬನ್ ಕಡ್ಡಿ ಮುಳುಗಿಸಿ, 9 ವೋಲ್ಟ್ ಬ್ಯಾಟರಿ, 330 ಓಮ್ ರೆಸಿಸ್ಟರ್, ಎಲ್‌ಇಡಿ ಸರಣಿಯಲ್ಲಿ ಜೋಡಿಸಿ. ಮನೆ ಕರೆಂಟ್ ಬೇಡವೇ ಬೇಡ.

ಬ್ಯುರೆಟ್‌ನಿಂದ (ಅಳತೆ ಗುರುತಿರುವ ಗಾಜಿನ ನಳಿಕೆ) 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್ ಹನಿಹನಿಯಾಗಿ ಬಿಡುತ್ತಾ ಕಲಕಿ. ಬಿಳಿ ಬೇರಿಯಂ ಸಲ್ಫೇಟ್ ತಳಕ್ಕಿಳಿಯುತ್ತದೆ, ಕರೆಂಟ್ ಹರಿಸುವ ಕರಗಿದ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಹೆಚ್ಚುಕಡಿಮೆ ಖಾಲಿ. 10 ಮಿ.ಲೀ. ಹತ್ತಿರ ಗುಲಾಬಿ ಬಣ್ಣ ಹೋಗಿ ಬೆಳಕು ಕುಂದುತ್ತದೆ. ಪೂರ್ತಿ ಆರದೆಯೂ ಇರಬಹುದು, ಕೋಣೆ ಕತ್ತಲಾಗಿಸಬೇಡಿ. ಇನ್ನಷ್ಟು ಹನಿ ಬಿದ್ದರೆ ಮತ್ತೆ ಬೆಳಗುತ್ತದೆ. ಮಕ್ಕಳು ನೋಡಲೇಬೇಕಾದ ಕ್ಷಣ ಅದು!

ಕರಗಿದ ಬೇರಿಯಂ ವಿಷ. ಕನ್ನಡಕ, ಕೈಗವಸು ಹಾಕಿಕೊಂಡು ನೀವೇ ಮಾಡಿ ತೋರಿಸಿ.