ಹೊಸ ಡಾಂಬರು ಬಿದ್ದ ಮೇಲೆ ಬೈಕ್ ಬೀಳುವುದು ಯಾಕೆ ಹೆಚ್ಚಾಯಿತು?

ಜೇವರ್ಗಿ ಕಡೆಯ ನಿಮ್ಮೂರ ರಸ್ತೆಗೆ ಹೊಸ ಡಾಂಬರು ಹಾಕಿದ ಮೇಲೆ ಬೈಕಿನವರು ಬೀಳುವುದು ಹೆಚ್ಚಾಗಿದೆ, ಹಂಪ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ಹಂಪ್ ಆಮೇಲೆ. ಮೊದಲು ರಸ್ತೆಯ ಅಂಚು ನೋಡಿ ಎನ್ನುತ್ತೇನೆ.

ಡಾಂಬರಿನ ಒಂದೊಂದು ಪದರಕ್ಕೂ ರಸ್ತೆ ಮೂರು-ನಾಲ್ಕು ಸೆಂ.ಮೀ. ಏರುತ್ತದೆ. ಪಕ್ಕದ ಎರೆಮಣ್ಣು ಏರುವುದಿಲ್ಲ. ಮಳೆಗೆ ಮೆತ್ತಗಾಗಿ, ಬೇಸಿಗೆಗೆ ಬಿರಿದು, ಟ್ರ್ಯಾಕ್ಟರಿಗೆ ದಾರಿ ಬಿಡಲು ಇಳಿದ ಗಾಲಿಗಳಿಗೆ ಸಿಕ್ಕಿ ಇನ್ನೂ ಕುಸಿಯುತ್ತದೆ. ಕಡೆಗೆ ಅಲ್ಲೊಂದು ಅರ್ಧ ಗೇಣಿನ ಮೆಟ್ಟಿಲು.

ಜೀವ ಹೋಗುವುದು ಹೆಚ್ಚಾಗಿ ಅದನ್ನು ಇಳಿಯುವಾಗಲ್ಲ, ಮತ್ತೆ ಹತ್ತುವಾಗ. ಸವಾರ ಹ್ಯಾಂಡಲ್ ತುಸು ತಿರುಗಿಸುತ್ತಾನೆ. ಮುಂದಿನ ಟೈರಿನ ಮಗ್ಗುಲು ಡಾಂಬರಿನ ಅಂಚಿಗೆ ಉಜ್ಜುತ್ತ ಸಾಗುತ್ತದೆ, ಹತ್ತುವುದಿಲ್ಲ. ಇನ್ನಷ್ಟು ತಿರುಗಿಸುತ್ತಾನೆ. ತಟ್ಟನೆ ಹತ್ತಿತೋ, ಬೈಕ್ ಎದುರಿನ ಲಾರಿಯತ್ತ ಚಿಮ್ಮುತ್ತದೆ. ಆಕ್ಸಿಲರೇಟರ್ ಬಿಟ್ಟು, ಪೂರ್ತಿ ನಿಧಾನವಾದ ಮೇಲೆ ಹತ್ತುವುದೇ ಸರಿ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕತ್ತಲಲ್ಲಿ ಹೋಗುವವನಿಗೆ ಅಷ್ಟು ಯೋಚಿಸಲು ಪುರುಸೊತ್ತೆಲ್ಲಿ?

ನೇರವಾದ ಪಟ್ಟಿಯೊಂದನ್ನು ಡಾಂಬರಿನ ಮೇಲಿಟ್ಟು ಅಂಚಿನಾಚೆ ಚಾಚಿ, ಅದರ ತಳದಿಂದ ಮಣ್ಣಿಗೆ ಟೇಪ್ ಹಿಡಿಯಿರಿ. 5 ಸೆಂ.ಮೀ. ದಾಟಿದಲ್ಲೆಲ್ಲ ಫೋಟೊ ತೆಗೆದು, ಕಿಲೋಮೀಟರ್ ಕಲ್ಲಿನಿಂದ ಎಷ್ಟು ದೂರ ಎಂದು ಬರೆಯಿರಿ. ತಿರುವಿನ ಒಳಮಗ್ಗುಲು ಬಿಡಬೇಡಿ.

ಪಕ್ಕದ ಎರೆಮಣ್ಣನ್ನೇ ಜೆಸಿಬಿಯಿಂದ ಎಳೆದು ಹಾಕಿದರೆ ಒಂದೇ ಮಳೆಗೆ ಹೋಗುತ್ತದೆ. ಮುರುಮ್, ಅಂದರೆ ಗಟ್ಟಿಯಾಗಿ ಕೂರುವ ಗರಸು ಮಣ್ಣು ಬೇಕು, ಬೀದರ್ ಕಡೆಯ ಕೆಂಪು ಮುರುಮ್ ಒಳ್ಳೆಯದು. ಹಳೆಯದನ್ನು ಕೆರೆದು, ನೀರು ಹೊಡೆದು, 15 ಸೆಂ.ಮೀ. ಮೀರದ ಪದರಗಳಲ್ಲಿ ರೋಲರ್ ಓಡಿಸಬೇಕು. ಡಾಂಬರಿಗೆ ಸಮನಾಗಿರಲಿ. ಮೇಲೆದ್ದರೆ ನೀರು ರಸ್ತೆಯಲ್ಲೇ ನಿಂತು ಅಂಚು ಕಿತ್ತುಬರುತ್ತದೆ. ಹೊರಗಿನ ಇಳಿಜಾರು ಮೀಟರಿಗೆ ಕನಿಷ್ಠ 3 ಸೆಂ.ಮೀ. ಮುಂದಿನ ಸಲ ಡಾಂಬರು ಹಾಕುವಾಗ ಅಂಚನ್ನು ನೆಟ್ಟಗೆ ಬಿಡದೆ ನೆಲದಿಂದ 30 ಡಿಗ್ರಿ ಓರೆಯಾಗಿ ಒತ್ತಿಸಿ. ಮುರುಮ್ ಕೊಚ್ಚಿಹೋದರೂ ಟೈರ್ ಹತ್ತುತ್ತದೆ.

ಅರ್ಜಿ ಲೋಕೋಪಯೋಗಿ ಇಲಾಖೆಯ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್‌ಗೆ (ಎಇಇ), ಅದರ ನಕಲು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಅಂದಾಜುಪಟ್ಟಿಯಲ್ಲಿ ಶೋಲ್ಡರ್ (ಡಾಂಬರಿನ ಪಕ್ಕದ ಮಣ್ಣಿನ ಅಂಚು) ಕೆಲಸ ಇತ್ತೇ ಎಂದು ಬರಹದಲ್ಲೇ ಕೇಳಿ. ನಿಗದಿತ ಮಾನದಂಡದಂತೆ ರಸ್ತೆ ಮಾಡದೆ ಸಾವಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಂ ಹೇಳುತ್ತದೆ.

ಹಂಪ್ ಬೇಕಿದ್ದರೆ ಶಾಲೆ ಮುಂದೆ, ಊರ ಅಗಸಿ ಹತ್ತಿರ: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಬಿಳಿ ಪಟ್ಟೆ, 40 ಮೀಟರ್ ಮೊದಲೇ ಬೋರ್ಡ್.